ನೋವಿಗೆ ಅಳತೆಗೋಲು ಯಾವುದು?

ಶಸ್ತ್ರಚಿಕಿತ್ಸೆಯ ಚರಿತ್ರೆ ಬರೆಯುವವರೆಲ್ಲ 1846ರ ಅಕ್ಟೋಬರ್ 16ನೇ ತಾರೀಕನ್ನು ತಪ್ಪದೆ ಸ್ಮರಿಸುತ್ತಾರೆ. ಅಂದು ಅಮೆರಿಕದ ಬಾಸ್ಟನ್ ನಗರದ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಒಬ್ಬ ರೋಗಿಗೆ ಈಥರ್ ಆವಿ ಮೂಸಿಸಿದ. ಶಸ್ತ್ರವೈದ್ಯ ಜಾನ್ ಕಾಲಿನ್ಸ್ ವಾರೆನ್ ಆ ರೋಗಿಯ ಕುತ್ತಿಗೆಯ ಗಡ್ಡೆಗೆ ಚೂರಿ ಹಾಕಿದ. ಚೀರಾಟ ಕೇಳಲಿಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿನ ಯಾತನೆಗೆ ಅಂದು ಕೊನೆ ಬಂತೆಂದು ಪುಸ್ತಕಗಳು ಹೇಳುತ್ತವೆ.

ಆದರೆ ಅರಿವಳಿಕೆಯ ಮಂಪರು ಇಳಿದ ಮೇಲೆ ಏನು? ಹೊಲಿಗೆ ಹಾಕಿದ ಗಾಯ ಮೊದಲ ರಾತ್ರಿಯೆಲ್ಲ ಮಿಡಿಯುತ್ತದೆ. ಕೆಮ್ಮಿದರೆ, ಮಗ್ಗುಲಾದರೆ, ಆಳವಾಗಿ ಉಸಿರೆಳೆದರೆ ಇರಿಯುತ್ತದೆ. ಈ ನೋವಿಗೆ ಯಾವ ಮದ್ದು ಲೇಸು, ಎಷ್ಟು ಕೊಡಬೇಕು ಎಂಬ ಪ್ರಶ್ನೆಗೆ ನಂಬಬಹುದಾದ ಉತ್ತರ ಸಿಗಲು ಈಥರ್ ಬಂದ ಮೇಲೂ ನೂರು ವರ್ಷ ಕಾಯಬೇಕಾಯಿತು. ಮದ್ದುಗಳಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಅಳತೆಗೋಲಿಗೆ. ಜ್ವರಕ್ಕೆ ಥರ್ಮಾಮೀಟರ್ ಉಂಟು, ರಕ್ತದೊತ್ತಡಕ್ಕೆ ಉಪಕರಣ ಉಂಟು. ನೋವನ್ನು ಬಲ್ಲವನು ರೋಗಿ ಒಬ್ಬನೇ. ಅವನ ಮಾತನ್ನು ಕೇಳಲು, ನಂಬಲು, ಎಣಿಸಲು ವೈದ್ಯಶಾಸ್ತ್ರ ಕಲಿತ ಕಥೆಯೇ ನೋವು ನಿವಾರಕಗಳನ್ನು ಒರೆಗೆ ಹಚ್ಚಿದ ಕಥೆಯೂ ಹೌದು.

ತುಪ್ಪ, ಅಫೀಮು, ಸೂಜಿ

ಶಸ್ತ್ರಕ್ರಿಯೆಯ ಸಮಯದ ನೋವು ಬೇರೆ, ಅದರ ನಂತರದ ನೋವು ಬೇರೆ ಎಂಬ ತಿಳಿವಳಿಕೆ ನಮ್ಮ ದೇಶದಲ್ಲಿ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಎರಡಕ್ಕೂ ಪ್ರತ್ಯೇಕ ಸಲಹೆಗಳಿವೆ. ನೋವು ತಾಳಲಾರದವನಿಗೆ ಶಸ್ತ್ರಕ್ರಿಯೆಗೆ ಮೊದಲು ತೀಕ್ಷ್ಣವಾದ ಮದ್ಯ ಕುಡಿಸಬೇಕೆಂದು ಅದು ಹೇಳುತ್ತದೆ. ಶಸ್ತ್ರ ತಾಗಿದ್ದರಿಂದ ಹುಟ್ಟಿದ ತೀವ್ರ ವೇದನೆ ದೇಹವನ್ನು ಕಾಡಿದಾಗ ಜ್ಯೇಷ್ಠಮಧು ಬೆರೆಸಿದ ಉಗುರುಬೆಚ್ಚಗಿನ ತುಪ್ಪವನ್ನು ಗಾಯಕ್ಕೆ ಸುರಿಯಬೇಕೆಂದೂ ಹೇಳುತ್ತದೆ.

ಯೂರೋಪಿನಲ್ಲಿ ಈ ಕೆಲಸಕ್ಕೆ ಬಳಕೆಯಲ್ಲಿದ್ದುದು ಅಫೀಮು. ಅಫೀಮಿನ ತೊಡಕೆಂದರೆ ಒಂದು ಬೆಳೆಯಂತೆ ಇನ್ನೊಂದು ಬೆಳೆ ಇರುವುದಿಲ್ಲ. ಒಂದು ಗುಳಿಗೆ ಏನೂ ಮಾಡದಿದ್ದರೆ ಅಷ್ಟೇ ತೂಕದ ಇನ್ನೊಂದು ಉಸಿರನ್ನೇ ನಿಲ್ಲಿಸಬಹುದಿತ್ತು. 19ನೇ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಯುವಕ ಫ್ರೀಡ್ರಿಕ್ ಸೆರ್ಟರ್ನರ್ ಅಫೀಮಿನಿಂದ ಅದರ ಸಾರವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ. ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್‌ನ ಹೆಸರಿನಿಂದ ಅದು ಮಾರ್ಫೀನ್ ಎನಿಸಿತು. 1850ರ ದಶಕದಲ್ಲಿ ಟೊಳ್ಳು ಸೂಜಿಯ ಪಿಚಕಾರಿ ಬಂದ ಮೇಲೆ ಮಾರ್ಫೀನನ್ನು ತೂಗಿ, ಕರಗಿಸಿ, ಚರ್ಮದಡಿಗೆ ಚುಚ್ಚುವುದು ಸಾಧ್ಯವಾಯಿತು. 1899ರಲ್ಲಿ ಜರ್ಮನಿಯ ಬೇಯರ್ ಕಂಪನಿ ಆಸ್ಪಿರಿನ್ನನ್ನು ಮಾರುಕಟ್ಟೆಗೆ ತಂದಿತು.

ಮದ್ದನ್ನು ತೂಗಲು ಬಂತು. ನೋವನ್ನು ತೂಗಲು ಬರಲಿಲ್ಲ. ಹೀಗಾಗಿ 20ನೇ ಶತಮಾನದ ಬಹುಭಾಗ ಆಸ್ಪತ್ರೆಗಳಲ್ಲಿ ನಡೆದದ್ದು ರೂಢಿಯ ಆಡಳಿತ. ಅಗತ್ಯ ಬಿದ್ದರೆ ನಾಲ್ಕು ಗಂಟೆಗೊಮ್ಮೆ ಇಷ್ಟು ಎಂದು ವೈದ್ಯರು ಚೀಟಿ ಬರೆಯುತ್ತಿದ್ದರು. ರೋಗಿ ಕೇಳಬೇಕು, ದಾದಿ ಬೀಗ ಹಾಕಿದ ಬೀರು ತೆಗೆಯಬೇಕು, ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಚುಚ್ಚಬೇಕು. ಅಷ್ಟರಲ್ಲಿ ನೋವು ಶಿಖರಕ್ಕೇರಿರುತ್ತಿತ್ತು. ಪದೇ ಪದೇ ಕೇಳಿದವನು ಮದ್ದಿನ ಚಟಕ್ಕೆ ಬಿದ್ದಾನೆಂಬ ಶಂಕೆ ಬೇರೆ. 1973ರಲ್ಲಿ ರಿಚರ್ಡ್ ಮಾರ್ಕ್ಸ್ ಮತ್ತು ಎಡ್ವರ್ಡ್ ಸಾಕರ್ ಎಂಬ ವೈದ್ಯರು ನ್ಯೂಯಾರ್ಕಿನಲ್ಲಿ ಇಂಥ ಮದ್ದು ಪಡೆಯುತ್ತಿದ್ದ 37 ಒಳರೋಗಿಗಳನ್ನು ವಿಚಾರಿಸಿದರು. ಇವರು ಶಸ್ತ್ರಚಿಕಿತ್ಸೆಯ ರೋಗಿಗಳಲ್ಲ. ಆದರೂ ಮದ್ದು ನಡೆಯುತ್ತಿದ್ದಾಗಲೇ ಶೇಕಡಾ 70ಕ್ಕೂ ಹೆಚ್ಚು ಮಂದಿ ಸಾಕಷ್ಟು ಯಾತನೆಯಲ್ಲಿದ್ದರು. ವೈದ್ಯರು ಮದ್ದಿನ ಶಕ್ತಿಯನ್ನು ಮತ್ತು ಚಟದ ಅಪಾಯವನ್ನು ಇದ್ದುದಕ್ಕಿಂತ ಹೆಚ್ಚಾಗಿ ಎಣಿಸಿದ್ದರು.

ದೀಪದ ಶಾಖ ಮತ್ತು ಯುದ್ಧದ ಗಾಯ

ಅಳತೆಗೋಲನ್ನು ಹುಡುಕಿದವರಲ್ಲಿ ಮೊದಲ ಸಾಲಿನವರು ಪ್ರಯೋಗಶಾಲೆಯ ವಿಜ್ಞಾನಿಗಳು. 1940ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಜೇಮ್ಸ್ ಹಾರ್ಡಿ, ಹೆರಾಲ್ಡ್ ವುಲ್ಫ್ ಮತ್ತು ಹೆಲೆನ್ ಗುಡೆಲ್ ಒಂದು ಉಪಕರಣ ರೂಪಿಸಿದರು. ಪ್ರಖರ ದೀಪದ ಶಾಖವನ್ನು ಮಸಿ ಬಳಿದ ಹಣೆಯ ಮೇಲೆ ಬಿಟ್ಟು, ಬಿಸಿ ನೋವಾಗಿ ತಿರುಗುವ ಕ್ಷಣವನ್ನು ಗುರುತಿಸುವುದು ಅದರ ಕ್ರಮ. ನೋವಿಗೆ ಅವರು 'ಡೋಲ್' ಎಂಬ ಮಾನವನ್ನೂ ಕೊಟ್ಟರು. ಪ್ರಯೋಗಕ್ಕೆ ಹಣೆಯೊಡ್ಡಿದವರು ಬಹುಮಟ್ಟಿಗೆ ಅವರೇ. ಉಪಕರಣ ಅಂದವಾಗಿತ್ತು. ಆದರೆ ಪಳಗದ ಜನರ ಮೇಲೆ ಬೇರೆಯವರು ಅದನ್ನು ಪ್ರಯೋಗಿಸಿದಾಗ ಮಾರ್ಫೀನ್ ಕೊಟ್ಟದ್ದಕ್ಕೂ ಕೊಡದ್ದಕ್ಕೂ ನಂಬುವಂಥ ವ್ಯತ್ಯಾಸ ಕಾಣಲಿಲ್ಲ. ಹಣೆಯ ಮೇಲಿನ ದೀಪವನ್ನು ಬೇಕೆಂದಾಗ ಆರಿಸಬಹುದು. ಹೊಟ್ಟೆಯ ಗಾಯವನ್ನು ಹಾಗೆ ಆರಿಸಲಾಗದು. ಎರಡೂ ಒಂದೇ ಬಗೆಯ ನೋವಾಗಿರಲಿಲ್ಲ.

ಈ ಭೇದವನ್ನು ಎತ್ತಿ ಹಿಡಿದವರು ಹೆನ್ರಿ ಬೀಚರ್. ಮಾರ್ಟನ್ ಈಥರ್ ತೋರಿಸಿದ ಅದೇ ಬಾಸ್ಟನ್ ಆಸ್ಪತ್ರೆಯಲ್ಲಿ ಅವರು ಅರಿವಳಿಕೆ ತಜ್ಞರು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಟಲಿಯ ರಣರಂಗದ ಆಸ್ಪತ್ರೆಗಳಲ್ಲಿ ದುಡಿದ ಅವರು, ಮೂಳೆ ಮುರಿದ, ಎದೆ ಹೊಟ್ಟೆ ಸೀಳಿದ ಇನ್ನೂರಕ್ಕೂ ಹೆಚ್ಚು ಸೈನಿಕರನ್ನು ಒಂದೇ ಪ್ರಶ್ನೆ ಕೇಳಿದರು: ನೋವಿದೆಯೆ, ಅದಕ್ಕೆ ಮದ್ದು ಬೇಕೆ? ಸುಮಾರು ಮುಕ್ಕಾಲು ಪಾಲು ಮಂದಿ ಬೇಡ ಎಂದರು. ಅವರಿಗೆ ಸಂವೇದನೆ ಹೋಗಿರಲಿಲ್ಲ. ರಕ್ತನಾಳಕ್ಕೆ ಸೂಜಿ ಒಡ್ಡೊಡ್ಡಾಗಿ ಚುಚ್ಚಿದರೆ ಅವರೇ ಗೊಣಗುತ್ತಿದ್ದರು. 1946ರಲ್ಲಿ ಈ ವರದಿ ಪ್ರಕಟವಾಯಿತು. ಮುಂದೆ ಬೀಚರ್ ನಾಗರಿಕ ಜೀವನದ ಶಸ್ತ್ರಚಿಕಿತ್ಸೆಯ ರೋಗಿಗಳೊಂದಿಗೆ ಇದನ್ನು ಹೋಲಿಸಿದರು. ಅವರ ಗಾಯಗಳು ಸಣ್ಣವು; ಆದರೆ ಶೇಕಡಾ 80ಕ್ಕೂ ಹೆಚ್ಚು ಮಂದಿ ಮದ್ದು ಬೇಡಿದರು. ಸೈನಿಕನಿಗೆ ಗಾಯವೆಂದರೆ ಸಾವಿನಿಂದ ಪಾರಾಗಿ ಊರಿಗೆ ಮರಳುವ ರಹದಾರಿ, ಸಂಸಾರಸ್ಥನಿಗೆ ಅದು ಕಷ್ಟದ ಆರಂಭ ಎಂದು ಬೀಚರ್ ವಿವರಿಸಿದರು. ಗಾಯದ ಅಳತೆ ನೋವಿನ ಅಳತೆಯಾಗದು ಎಂಬುದು ಇದರಿಂದ ಖಚಿತವಾಯಿತು.

ಹಾಗಾದರೆ ಪ್ರಯೋಗ ನಡೆಯಬೇಕಾದದ್ದು ನಿಜವಾದ ಗಾಯವುಳ್ಳ ರೋಗಿಯ ಹಾಸಿಗೆಯ ಪಕ್ಕದಲ್ಲಿ. ಶಸ್ತ್ರಚಿಕಿತ್ಸೆಯ ವಾರ್ಡು ಇದಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ನೋವಿನ ಕಾರಣ ಗೊತ್ತು, ಆರಂಭದ ಗಳಿಗೆ ಗೊತ್ತು, ಒಂದೇ ಬಗೆಯ ಗಾಯವುಳ್ಳವರು ಹಲವರು ಸಿಗುತ್ತಾರೆ. ಬೀಚರ್, ಆರ್ಥರ್ ಕೀಟ್ಸ್, ಲೂಯಿ ಲಸಾನ್ಯ ಮತ್ತು ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮೋಸ್ಟೆಲರ್ ಸೇರಿ 1950ರ ದಶಕದಲ್ಲಿ ಒಂದು ಕ್ರಮ ಕಟ್ಟಿದರು. 10 ಮಿಲಿಗ್ರಾಂ ಮಾರ್ಫೀನ್ ಅವರ ತಕ್ಕಡಿಯ ಕಲ್ಲು. ಹೊಸ ಮದ್ದನ್ನು ಒಂದು ತಟ್ಟೆಯಲ್ಲಿ, ಅದನ್ನು ಇನ್ನೊಂದು ತಟ್ಟೆಯಲ್ಲಿಟ್ಟು ತೂಗಬೇಕು. ಯಾರಿಗೆ ಯಾವುದು ಸಿಕ್ಕಿತೆಂಬುದು ರೋಗಿಗೂ ತಿಳಿಯಬಾರದು, ಕೊಡುವ ದಾದಿಗೂ ತಿಳಿಯಬಾರದು.

ತಕ್ಕಡಿಯ ಮೂರನೆಯ ತಟ್ಟೆ ಹುಸಿಮದ್ದಿನದು, ಅಂದರೆ ಬರಿಯ ಉಪ್ಪುನೀರಿನ ಚುಚ್ಚುಮದ್ದು ಅಥವಾ ಸಕ್ಕರೆ ಗುಳಿಗೆ. ಉಪ್ಪುನೀರು ಚುಚ್ಚಿಸಿಕೊಂಡವರಲ್ಲೂ ಹಲವರು ನೋವು ಇಳಿಯಿತೆಂದರು. 1955ರ ಪ್ರಸಿದ್ಧ ಲೇಖನದಲ್ಲಿ ಬೀಚರ್, ನೋವು ಮತ್ತಿತರ ಬಾಧೆಗಳ 15 ಅಧ್ಯಯನಗಳಲ್ಲಿ ಹುಸಿಮದ್ದಿನಿಂದ ಸರಾಸರಿ ಶೇಕಡಾ 35ರಷ್ಟು ಮಂದಿಗೆ ಸಮಾಧಾನ ಸಿಕ್ಕಿತೆಂದು ಲೆಕ್ಕ ಕೊಟ್ಟರು. ನೋವು ತಾನಾಗಿಯೂ ಇಳಿಯುತ್ತದೆ, ಅದನ್ನೆಲ್ಲ ಹುಸಿಮದ್ದಿನ ಖಾತೆಗೆ ಬರೆಯಬಾರದೆಂದು ನಂತರದವರು ಈ ಲೆಕ್ಕವನ್ನು ಟೀಕಿಸಿದ್ದುಂಟು. ಏನೇ ಆದರೂ, ಹುಸಿಮದ್ದಿನೊಂದಿಗೆ ಹೋಲಿಸದೆ ಯಾವ ಮದ್ದನ್ನೂ ಹೊಗಳುವಂತಿಲ್ಲ ಎಂಬ ಪಾಠ ಉಳಿಯಿತು.

ದಾದಿ ಕೇಳಿದ ಪ್ರಶ್ನೆ

ಅದೇ ಕಾಲದಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ರೇಮಂಡ್ ಹೌಡ್ ಎಂಬ ವೈದ್ಯರು, ಸ್ಟ್ಯಾನ್ಲಿ ವಾಲೆನ್‌ಸ್ಟೀನ್ ಮತ್ತು ದಾದಿ ಆಡಾ ರೋಜರ್ಸ್ ಅವರೊಂದಿಗೆ ಈ ಕೆಲಸವನ್ನು ಇನ್ನಷ್ಟು ನಯಗೊಳಿಸಿದರು. ಪ್ರಶ್ನೆಗಳು ಬಹಳ ಸರಳ: ಈಗ ನೋವು ಇಲ್ಲವೆ, ಸ್ವಲ್ಪವೆ, ಸಾಧಾರಣವೆ, ತೀವ್ರವೆ? ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಮದ್ದು ಕೊಟ್ಟ ಮೇಲೆ ಗಂಟೆಗೊಮ್ಮೆ ಅದೇ ಪ್ರಶ್ನೆ, ಅದೇ ದನಿಯಲ್ಲಿ. ಇಲ್ಲಿ ಪಳಗಿದ ದಾದಿಯ ಪಾತ್ರ ದೊಡ್ಡದು. ಉತ್ತರವನ್ನು ಸೂಚಿಸದೆ, ಆತುರಪಡಿಸದೆ, ರೋಗಿ ಹೇಳಿದ್ದನ್ನು ತಿದ್ದದೆ ಬರೆದುಕೊಳ್ಳುವುದು ಸುಲಭದ ಕೆಲಸವಲ್ಲ. ಆ ಅಂಕಗಳನ್ನು ಕೂಡಿಸಿದಾಗ ಎರಡು ಮದ್ದುಗಳ ನಡುವಿನ ವ್ಯತ್ಯಾಸ ಕಾಗದದ ಮೇಲೆ ರೇಖೆಯಾಗಿ ಮೂಡಿತು.

ನೋವಿರುವವನಿಗೆ ಹುಸಿಮದ್ದು ಕೊಡುವುದು ನ್ಯಾಯವೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಅದಕ್ಕೆ ಕಂಡುಕೊಂಡ ದಾರಿಯೆಂದರೆ, ಪರೀಕ್ಷೆಗೆ ಒಪ್ಪಿದ ರೋಗಿ ಸಾಕೆಂದ ಕೂಡಲೇ ನಿಜವಾದ ಮದ್ದು ಕೊಟ್ಟು, ಅವನ ಪಾಲಿನ ಪರೀಕ್ಷೆಯನ್ನು ಅಲ್ಲಿಗೆ ನಿಲ್ಲಿಸುವುದು. ಎಷ್ಟು ಹೊತ್ತಿಗೆ ಸಾಕೆಂದ ಎಂಬುದೂ ಒಂದು ಅಳತೆಯಾಯಿತು.

1976ರಲ್ಲಿ ಸ್ಟೀಫನ್ ಕೂಪರ್ ಮತ್ತು ವಿಲಿಯಂ ಬೀವರ್ ಈ ಪರೀಕ್ಷೆಗೆ ಹಲ್ಲಿನ ಆಸ್ಪತ್ರೆಯನ್ನು ಆರಿಸಿದರು. ಬುದ್ಧಿ ಹಲ್ಲು ಕೀಳಿಸಿಕೊಳ್ಳುವವರು ಸಾಮಾನ್ಯವಾಗಿ ತರುಣರು, ಬೇರೆ ಕಾಯಿಲೆ ಇಲ್ಲದವರು. ಮರಗಟ್ಟಿಸುವ ಮದ್ದಿನ ಪ್ರಭಾವ ಇಳಿದ ಮೇಲೆ ನೋವು ಖಂಡಿತ ಬರುತ್ತದೆ. ಒಂದೆರಡು ದಿನದಲ್ಲಿ ಹೋಗುತ್ತದೆ. ಗುಳಿಗೆಯ ರೂಪದ ನೋವು ನಿವಾರಕಗಳ ಬಗ್ಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಈ ಹಲ್ಲುಗಳ ಋಣ.

ಪಟ್ಟಿ ಹೇಳಿದ ಸತ್ಯ

ಅಧ್ಯಯನಗಳು ನೂರಾರಾದವು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಹೆನ್ರಿ ಮೆಕ್ವೇ ಮತ್ತು ಆಂಡ್ರೂ ಮೂರ್ 1990ರ ದಶಕದಲ್ಲಿ ಅವನ್ನೆಲ್ಲ ಒಟ್ಟುಗೂಡಿಸಿ, ಕ್ರೀಡಾ ತಂಡಗಳ ಅಂಕಪಟ್ಟಿಯಂತೆ ಮದ್ದುಗಳ ಪಟ್ಟಿ ಮಾಡಿದರು. ಒಬ್ಬ ರೋಗಿಗೆ ಹುಸಿಮದ್ದಿನಿಂದ ಸಿಗದ ಸಮಾಧಾನ ಸಿಗಬೇಕಾದರೆ ಮದ್ದನ್ನು ಎಷ್ಟು ಮಂದಿಗೆ ಕೊಡಬೇಕು ಎಂಬುದು ಆ ಪಟ್ಟಿಯ ಮಾನ. ನಾಲ್ಕರಿಂದ ಆರು ಗಂಟೆಗಳ ಅವಧಿಯಲ್ಲಿ ನೋವು ಅರ್ಧಕ್ಕಾದರೂ ಇಳಿಯಬೇಕು. ಆಗ ಮಾತ್ರ ಸಮಾಧಾನವೆಂದು ಎಣಿಕೆ. ಸಂಖ್ಯೆ ಸಣ್ಣದಾದಷ್ಟೂ ಮದ್ದು ಉತ್ತಮ.

2011ರಲ್ಲಿ ಕಾಕ್ರೇನ್ ಸಂಸ್ಥೆಯ ಮೂಲಕ ಪ್ರಕಟವಾದ ಸಮೀಕ್ಷೆಯಲ್ಲಿ ಸುಮಾರು 350 ಅಧ್ಯಯನಗಳ, 45,000 ಮಂದಿಯ ಲೆಕ್ಕವಿದೆ. 400 ಮಿಲಿಗ್ರಾಂ ಐಬುಪ್ರೊಫೆನ್‌ಗೆ ಬಂದ ಸಂಖ್ಯೆ 2.5. ಎಂದರೆ ಐವರಿಗೆ ಕೊಟ್ಟರೆ ಇಬ್ಬರಿಗೆ ಹುಸಿಮದ್ದಿಗಿಂತ ಮಿಗಿಲಾದ ಫಲ. 1000 ಮಿಲಿಗ್ರಾಂ ಪ್ಯಾರಾಸಿಟಮಾಲ್‌ಗೆ 3.6, ಸುಮಾರು 600 ಮಿಲಿಗ್ರಾಂ ಆಸ್ಪಿರಿನ್‌ಗೆ 4.2. ಅಚ್ಚರಿ ಹುಟ್ಟಿಸಿದ್ದು ಕೋಡೀನ್. ಅಫೀಮಿನ ಕುಲದ ಈ ಮದ್ದು ಬಲಶಾಲಿ ಎಂಬ ನಂಬಿಕೆ ಬಹುಕಾಲ ಇತ್ತು. 60 ಮಿಲಿಗ್ರಾಂ ಕೋಡೀನ್ ಒಂದನ್ನೇ ಕೊಟ್ಟಾಗ ಬಂದ ಸಂಖ್ಯೆ 12! ಆಕ್ಸ್‌ಫರ್ಡ್ ತಂಡದ ಹಿಂದಿನ ಲೆಕ್ಕದಲ್ಲಿ ಸ್ನಾಯುವಿಗೆ ಚುಚ್ಚಿದ 10 ಮಿಲಿಗ್ರಾಂ ಮಾರ್ಫೀನ್‌ನ ಸಂಖ್ಯೆ 2.9. ಔಷಧದಂಗಡಿಯ ಸಾಧಾರಣ ಗುಳಿಗೆ ಅದರ ಸಮಕ್ಕೆ ನಿಂತದ್ದು ಹಲವರಿಗೆ ನಂಬಲಾಗದ ಮಾತಾಗಿತ್ತು.

ಕೋಡೀನ್ ಏಕೆ ಸೋತಿತು? ಅದು ಯಕೃತ್ತಿನಲ್ಲಿ ಮಾರ್ಫೀನ್ ಆಗಿ ಬದಲಾದ ಮೇಲೆಯೇ ಕೆಲಸ ಮಾಡುತ್ತದೆ. ಕೆಲವರ ದೇಹ ಅದನ್ನು ಬದಲಾಯಿಸುವುದೇ ಇಲ್ಲ. ಅವರಿಗೆ ಅದು ವ್ಯರ್ಥ. ಇನ್ನು ಕೆಲವರ ದೇಹ ಅತಿ ವೇಗದಲ್ಲಿ ಬದಲಾಯಿಸುತ್ತದೆ; ಅವರಿಗೆ ಅದು ವಿಷ. ಗಂಟಲಿನ ಟಾನ್ಸಿಲ್ ತೆಗೆಸಿಕೊಂಡ ಮಕ್ಕಳಲ್ಲಿ ಸಾವುಗಳು ಸಂಭವಿಸಿದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2013ರಲ್ಲಿ ಆ ಸಂದರ್ಭದಲ್ಲಿ ಮಕ್ಕಳಿಗೆ ಕೋಡೀನ್ ಕೊಡಬಾರದೆಂದು ಎಚ್ಚರಿಸಿತು.

ಇನ್ನೊಂದು ಪಾಠ ಜೋಡಿ ಮದ್ದಿನದು. ಐಬುಪ್ರೊಫೆನ್ ಗಾಯದ ಸ್ಥಳದಲ್ಲಿ ಉರಿಯೂತದ ರಾಸಾಯನಿಕಗಳು ಹುಟ್ಟುವುದನ್ನು ತಡೆಯುತ್ತದೆ. ಆಸ್ಪಿರಿನ್ ಜಾತಿಯ ಮದ್ದುಗಳ ಈ ಗುಟ್ಟನ್ನು 1971ರಲ್ಲಿ ಬಯಲು ಮಾಡಿದ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು. ಪ್ಯಾರಾಸಿಟಮಾಲ್‌ನ ದಾರಿ ಬೇರೆ. 200 ಮಿಲಿಗ್ರಾಂ ಐಬುಪ್ರೊಫೆನ್ ಜೊತೆ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೊಟ್ಟಾಗ ಬಂದ ಸಂಖ್ಯೆ 1.6, ಅಂದರೆ ಎಂಟರಲ್ಲಿ ಐವರಿಗೆ ಫಲ. ಬೇರೆ ಬೇರೆ ದಾರಿಯ ಮದ್ದುಗಳನ್ನು ಕೂಡಿಸಿ, ಮಾರ್ಫೀನ್ ಕಡಿಮೆ ಮಾಡಿ, ರೋಗಿಯನ್ನು ಬೇಗ ಎದ್ದು ಓಡಾಡಿಸಬೇಕೆಂಬ ವಿಚಾರವನ್ನು ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಬಲವಾಗಿ ಮಂಡಿಸಿದರು.

ಪಟ್ಟಿಗೆ ಮಿತಿಗಳಿವೆ. ಅದು ಒಂದೇ ಒಂದು ಸಲ ಕೊಟ್ಟ ಮದ್ದಿನ ಲೆಕ್ಕ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತಸ್ರಾವದ ಭಯ ಇರುವವರಿಗೆ ಐಬುಪ್ರೊಫೆನ್ ಒಗ್ಗದು. ಮಿತಿ ಮೀರಿದ ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸುತ್ತದೆ. ಎದೆ ಅಥವಾ ಹೊಟ್ಟೆ ಕೊಯ್ದ ದೊಡ್ಡ ಶಸ್ತ್ರಚಿಕಿತ್ಸೆಯ ಮೊದಲ ದಿನಗಳಲ್ಲಿ ಗುಳಿಗೆಯೊಂದೇ ಸಾಲದು. ಅಲ್ಲಿ ಮಾರ್ಫೀನ್‌ಗೆ ಇಂದಿಗೂ ಸ್ಥಾನವಿದೆ. ಯಾರಿಗೆ ಯಾವುದು ಎಂಬ ತೀರ್ಮಾನ ವೈದ್ಯರದೇ.

ಗುಂಡಿ ರೋಗಿಯ ಕೈಗೆ

ರೋಗಿಯ ಮಾತು ಬರಿಯ ಭಾವನೆಯೆಂದು ಅನುಮಾನಿಸುತ್ತಿದ್ದವರಿಗೆ 1978ರಲ್ಲಿ ಒಂದು ಉತ್ತರ ಸಿಕ್ಕಿತು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಜಾನ್ ಲೆವಿನ್, ನ್ಯೂಟನ್ ಗಾರ್ಡನ್ ಮತ್ತು ಹೋವರ್ಡ್ ಫೀಲ್ಡ್ಸ್ ಹಲ್ಲು ಕೀಳಿಸಿಕೊಂಡವರಿಗೆ ಹುಸಿಮದ್ದು ಕೊಟ್ಟರು. ಅದರಿಂದ ಸಮಾಧಾನಗೊಂಡವರಿಗೆ ನಲಾಕ್ಸೋನ್ ಎಂಬ, ಮಾರ್ಫೀನ್‌ನ ಕ್ರಿಯೆಯನ್ನು ತಡೆಯುವ ಮದ್ದು ಕೊಟ್ಟಾಗ ನೋವು ಮತ್ತೆ ಏರಿತು. ಮಿದುಳು ತನ್ನದೇ ಮಾರ್ಫೀನ್‌ನಂಥ ವಸ್ತುಗಳನ್ನು ಬಿಡುಗಡೆ ಮಾಡಿತ್ತೆಂಬ ಸೂಚನೆ ಅದು. ಹುಸಿಮದ್ದಿನಿಂದ ನೋವು ಇಳಿಯಿತೆಂದವನು ಸುಳ್ಳು ಹೇಳುತ್ತಿರಲಿಲ್ಲ.

ರೋಗಿಯನ್ನು ನಂಬುವುದಾದರೆ ಮದ್ದನ್ನೇ ಅವನ ಕೈಗೆ ಕೊಡಬಹುದಲ್ಲ? ಅಮೆರಿಕದ ಅರಿವಳಿಕೆ ತಜ್ಞ ಫಿಲಿಪ್ ಸೆಕ್ಸರ್ 1960ರ ದಶಕದ ಕೊನೆಯಲ್ಲಿ ಇದನ್ನು ಮಾಡಿ ನೋಡಿದರು. ನೋವಾದಾಗ ರೋಗಿ ಗುಂಡಿ ಒತ್ತಿದರೆ ರಕ್ತನಾಳಕ್ಕೆ ಸ್ವಲ್ಪವೇ ಮದ್ದು ಹೋಗುತ್ತಿತ್ತು. 1976ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಿಂದ ಇಂಥ ಯಂತ್ರ ಮಾರುಕಟ್ಟೆಗೂ ಬಂತು. ಎರಡು ಒತ್ತುಗಳ ನಡುವೆ ಕಡ್ಡಾಯ ಬಿಡುವು ಇರುವುದರಿಂದ ಅತಿಯಾಗುವ ಭಯ ಕಡಿಮೆ. ಮಂಪರು ಬಂದವನು ಗುಂಡಿ ಒತ್ತುವುದೂ ಇಲ್ಲ. ಒಬ್ಬರಿಗೆ ಸಾಕಾದದ್ದು ಇನ್ನೊಬ್ಬರಿಗೆ ಏನೇನೂ ಸಾಲದೆಂಬುದು ಈ ಗುಂಡಿಯ ಎಣಿಕೆಯಿಂದ ಸ್ಪಷ್ಟವಾಯಿತು. 1990ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯರ ಮತ್ತು ಅರಿವಳಿಕೆ ತಜ್ಞರ ಕಾಲೇಜುಗಳು ಜಂಟಿ ವರದಿ ಹೊರಡಿಸಿ, ದೊಡ್ಡ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರದ ನೋವನ್ನು ನೋಡಿಕೊಳ್ಳಲೆಂದೇ ಪ್ರತ್ಯೇಕ ತಂಡ ಇರಬೇಕೆಂದು ಸೂಚಿಸಿದವು.

ಮಾತು ಬಾರದವರ ಗತಿ ಏನು? ನವಜಾತ ಶಿಶುಗಳಿಗೆ, ಅದರಲ್ಲೂ ದಿನ ತುಂಬದೆ ಹುಟ್ಟಿದವಕ್ಕೆ, ನೋವು ಅಷ್ಟಾಗಿ ತಿಳಿಯದೆಂಬ ನಂಬಿಕೆ 1980ರ ದಶಕದವರೆಗೂ ಇತ್ತು. ಹೃದಯದ ಬಳಿ ಶಸ್ತ್ರಕ್ರಿಯೆ ಮಾಡುವಾಗಲೂ ಸ್ನಾಯು ಸಡಿಲಿಸುವ ಮದ್ದು ಮತ್ತು ನಗೆ ಅನಿಲ ಸಾಕೆನ್ನುತ್ತಿದ್ದರು. ಇಂದೋರಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು 1987ರಲ್ಲಿ ಈ ನಂಬಿಕೆಯನ್ನು ಕೆಡವಿದರು. ಫೆಂಟನಿಲ್ ಎಂಬ ಪ್ರಬಲ ನೋವು ನಿವಾರಕವನ್ನೂ ಪಡೆದ ಶಿಶುಗಳ ರಕ್ತದಲ್ಲಿ ಆಘಾತದ ಕುರುಹುಗಳು ಕಡಿಮೆ ಇದ್ದವು. ಅವು ಚೇತರಿಸಿಕೊಳ್ಳುವಾಗ ತೊಡಕುಗಳೂ ಕಡಿಮೆಯಾದವು. ಅದೇ ದಶಕದಲ್ಲಿ ಅಮೆರಿಕದ ಡೋನಾ ವಾಂಗ್ ಮತ್ತು ಕಾನಿ ಬೇಕರ್ ಮಕ್ಕಳಿಗಾಗಿ ನಗುಮೊಗದಿಂದ ಅಳುಮೊಗದವರೆಗಿನ ಆರು ಚಿತ್ರಗಳ ಅಳತೆಪಟ್ಟಿ ಮಾಡಿದರು. ಅಂಕ ಹೇಳಲಾರದ ಮಗು ಮುಖ ತೋರಿಸಬಲ್ಲದು.

ನಂಬಿಕೆಗೆ ಬಿದ್ದ ಪೆಟ್ಟು

ಈ ಕಟ್ಟಡವೆಲ್ಲ ನಿಂತಿರುವುದು ಪ್ರಾಮಾಣಿಕತೆಯ ಮೇಲೆ. ಅದನ್ನು ಮುರಿದವರು ರೋಗಿಗಳಲ್ಲ. ಅಮೆರಿಕದ ಅರಿವಳಿಕೆ ತಜ್ಞ ಸ್ಕಾಟ್ ರೂಬೆನ್ ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಹೊಸ ಮದ್ದುಗಳ ಜೋಡಣೆಯನ್ನು ಹೊಗಳಿ ಹಲವು ಲೇಖನ ಬರೆದಿದ್ದರು. ಅವುಗಳಲ್ಲಿ 21 ಲೇಖನಗಳ ಅಂಕಿಅಂಶ ಕಟ್ಟುಕಥೆಯೆಂದು 2009ರಲ್ಲಿ ಹೊರಬಿತ್ತು. ಮರುವರ್ಷ ಅವರಿಗೆ ಆರು ತಿಂಗಳ ಸೆರೆಯಾಯಿತು. ಅವರು ಹೊಗಳಿದ್ದ ಮದ್ದುಗಳಲ್ಲಿ ಒಂದಾದ ರೊಫೆಕಾಕ್ಸಿಬ್ ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆಂದು ಕಂಡುಬಂದು, 2004ರಲ್ಲೇ ಮಾರುಕಟ್ಟೆಯಿಂದ ಹಿಂದೆ ಸರಿದಿತ್ತು. ಕೇಳಬೇಕಾದ ರೋಗಿಯನ್ನು ಕೇಳದೆ, ಅವನ ಉತ್ತರವನ್ನು ತಾನೇ ಬರೆದುಕೊಂಡರೆ ಆಗುವ ಅನರ್ಥಕ್ಕೆ ಇದು ಉದಾಹರಣೆ.

ಇನ್ನೊಂದು ಬಗೆಯ ಅನರ್ಥವೂ ಅಮೆರಿಕದಲ್ಲೇ ನಡೆಯಿತು. 1990ರ ದಶಕದ ಮಧ್ಯಭಾಗದಲ್ಲಿ ಅಲ್ಲಿನ ನೋವು ತಜ್ಞರ ಸಂಘ ನಾಡಿ, ಉಸಿರು, ಜ್ವರ, ರಕ್ತದೊತ್ತಡಗಳ ಸಾಲಿಗೆ ನೋವನ್ನು ಐದನೆಯದಾಗಿ ಸೇರಿಸಬೇಕೆಂದಿತು. ಉದ್ದೇಶ ಒಳ್ಳೆಯದೇ. ಆದರೆ ರೋಗಿ ಹೇಳಿದ ಅಂಕವನ್ನು ಹೇಗಾದರೂ ಇಳಿಸುವುದೇ ಗುರಿಯಾದಾಗ, ಚಟ ಹತ್ತುವುದು ಅಪರೂಪವೆಂದು ಕಂಪನಿಗಳು ಭರವಸೆ ಕೊಟ್ಟಾಗ, ಅಫೀಮಿನ ಕುಲದ ಗುಳಿಗೆಗಳು ಚೀಟಿಗಳಲ್ಲಿ ತುಂಬಿದವು. ಶಸ್ತ್ರಚಿಕಿತ್ಸೆಯ ನಂತರ ಕೊಟ್ಟ ಇಂಥ ಗುಳಿಗೆಗಳ ಬಗೆಗಿನ ಆರು ಅಧ್ಯಯನಗಳನ್ನು 2017ರಲ್ಲಿ ಒಟ್ಟಿಗೆ ನೋಡಿದಾಗ, ಶೇಕಡಾ 67ರಿಂದ 92ರಷ್ಟು ರೋಗಿಗಳ ಮನೆಯಲ್ಲಿ ಗುಳಿಗೆ ಉಳಿದಿತ್ತು. ಅವರಿಗೆ ಅಷ್ಟು ಬೇಕಿರಲಿಲ್ಲ. ಉಳಿದ ಗುಳಿಗೆ ಬೇರೆಯವರ ಕೈಸೇರುವ ಅಪಾಯವಂತೂ ಇದ್ದೇ ಇತ್ತು.

ಭಾರತದ ಅನುಭವ ಇದಕ್ಕೆ ತಿರುಗುಮುರುಗು. ಅಫೀಮಿನ ಅಂಟನ್ನು ಕಾನೂನಿನ ಪ್ರಕಾರ ಬೆಳೆದು ರಫ್ತು ಮಾಡುವ ದೇಶ ಇದು. ಗಾಜೀಪುರ ಮತ್ತು ನೀಮಚ್‌ಗಳಲ್ಲಿ ಅದರ ಸರ್ಕಾರಿ ಕಾರ್ಖಾನೆಗಳಿವೆ. ಆದರೆ 1985ರ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ ಹಲವು ಪರವಾನಗಿಗಳ ಜಂಜಾಟಕ್ಕೆ, ಕಠಿಣ ಶಿಕ್ಷೆಗೆ ಹೆದರಿ ಆಸ್ಪತ್ರೆಗಳೂ ಔಷಧದಂಗಡಿಗಳೂ ಮಾರ್ಫೀನನ್ನೇ ದೂರವಿಟ್ಟವು. ಮುಂದಿನ ಹನ್ನೆರಡು ವರ್ಷಗಳಲ್ಲಿ ಅದರ ವೈದ್ಯಕೀಯ ಬಳಕೆ ಬಹುಪಾಲು ಕುಸಿಯಿತು. 2014ರ ತಿದ್ದುಪಡಿ ನಿಯಮಗಳನ್ನು ಸರಳಗೊಳಿಸಿತು. ಬೀರುವಿನ ಬೀಗ ಸಡಿಲವಾದರೂ ಕೈಯ ಹಿಂಜರಿಕೆ ಅಷ್ಟು ಬೇಗ ಹೋಗುವಂಥದ್ದಲ್ಲ.

ಒಂದು ಕಡೆ ಅತಿ, ಇನ್ನೊಂದು ಕಡೆ ಕೊರತೆ. ಎರಡರ ಬೇರೂ ಒಂದೇ. ಅಲ್ಲಿ ರೋಗಿ ಹೇಳಿದ ಅಂಕವನ್ನು ಮಾತ್ರ ನೋಡಿದರು, ರೋಗಿಯನ್ನು ನೋಡಲಿಲ್ಲ. ಇಲ್ಲಿ ಅವನನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಗಂಟೆಗೊಮ್ಮೆ ಹಾಸಿಗೆಯ ಬಳಿ ಹೋಗಿ, ಈಗ ಹೇಗಿದೆ ಎಂದು ಕೇಳಿ, ಉತ್ತರವನ್ನು ಬರೆದುಕೊಂಡು, ಮತ್ತೆ ಹೋಗಿ ಕೇಳುವ ಕ್ರಮಕ್ಕೆ ದುಬಾರಿ ಯಂತ್ರ ಬೇಡ. ಯಾವ ಮದ್ದು ಮೇಲು ಎಂಬುದನ್ನು ಜಗತ್ತು ತಿಳಿದದ್ದು ಆ ಒಂದು ಪ್ರಶ್ನೆಯಿಂದ. ಕೊಟ್ಟ ಮದ್ದು ಈ ರೋಗಿಗೆ ಸಾಕಾಯಿತೆ ಎಂದು ತಿಳಿಯುವುದಕ್ಕೂ ಅದಲ್ಲದೆ ಬೇರೆ ಉಪಾಯ ಇನ್ನೂ ಸಿಕ್ಕಿಲ್ಲ.